ಮೂರು ತಂತಿ, ಐದು ವೋಲ್ಟ್

ಎಕ್ಸಲರೇಟರ್ ತುಳಿದರೆ ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಹೋಗುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಕೊನೆಗೆ ಆಗುವುದೂ ಅದೇ. ಆದರೆ ಪೆಟ್ರೋಲ್ ಕಾರಿನಲ್ಲಿ ನಮ್ಮ ಕಾಲಿಗೂ ಪೆಟ್ರೋಲಿಗೂ ನೇರ ಸಂಬಂಧವೇ ಇಲ್ಲ. ಕಾಲು ಆಳುವುದು ಗಾಳಿಯನ್ನು. ಏರ್ ಫಿಲ್ಟರ್ ದಾಟಿ ಎಂಜಿನ್ನಿನ ಕಡೆಗೆ ಹೊರಟ ಗಾಳಿಯ ಕೊಳವೆಯಲ್ಲಿ ಲೋಹದ ದುಂಡನೆಯ ಬಿಲ್ಲೆಯೊಂದು ಸಣ್ಣ ಕಡ್ಡಿಯ ಮೇಲೆ ಕೂತಿರುತ್ತದೆ. ಕಾಲು ತೆಗೆದಾಗ ಅದು ಕೊಳವೆಗೆ ಅಡ್ಡವಾಗಿ ದಾರಿ ಮುಚ್ಚುತ್ತದೆ. ಪೂರ್ತಿ ತುಳಿದಾಗ ಗಾಳಿ ಹರಿಯುವ ದಿಕ್ಕಿಗೇ ತಿರುಗಿ ದಾರಿ ಬಿಡುತ್ತದೆ. ಥ್ರಾಟಲ್ ಎಂದರೆ ಇಷ್ಟೇ. ಎಷ್ಟು ಗಾಳಿ ಒಳಗೆ ಬಂತೋ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಂಪಡಿಸುವ ಜವಾಬ್ದಾರಿ ಎಂಜಿನ್ ಕಂಪ್ಯೂಟರಿನದು, ಗ್ಯಾರೇಜಿನ ಮಾತಿನಲ್ಲಿ ಇಸಿಯುವಿನದು.

ಈ ಲೆಕ್ಕ ಸಣ್ಣದಲ್ಲ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ ಅದಕ್ಕೆ ಹನ್ನೊಂದು ಕಿಲೋದಷ್ಟು ಗಾಳಿ ಬೇಕಾಯಿತು. ಸಮುದ್ರಮಟ್ಟದ ಮಂಗಳೂರಿನಲ್ಲಿ ಅಷ್ಟು ಗಾಳಿಯ ಗಾತ್ರ ಒಂಬತ್ತು ಸಾವಿರ ಲೀಟರಿಗೂ ಮಿಕ್ಕುತ್ತದೆ. ಒಂಬೈನೂರು ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಇನ್ನೂ ತೆಳು, ಆದ್ದರಿಂದ ಹತ್ತು ಸಾವಿರ ಲೀಟರಿನ ಆಸುಪಾಸು ಬೇಕು. ಇಷ್ಟು ಗಾಳಿಯೂ ಆ ಬಿಲ್ಲೆಯ ಅಂಚನ್ನು ಸವರಿಕೊಂಡೇ ಒಳಗೆ ಹೋಗಬೇಕು.

ಬಿಲ್ಲೆ ಈ ಹೊತ್ತಿನಲ್ಲಿ ಎಷ್ಟು ತೆರೆದಿದೆ ಎಂದು ಇಸಿಯುವಿಗೆ ಹೇಳುವ ಸಾಧನವೇ ಥ್ರಾಟಲ್ ಪೊಸಿಷನ್ ಸೆನ್ಸರ್. ಮೆಕ್ಯಾನಿಕ್‌ಗಳು ಟಿಪಿಎಸ್ ಎನ್ನುತ್ತಾರೆ. ಬೆಂಕಿಪೊಟ್ಟಣದಷ್ಟಿರುವ ಕಪ್ಪು ಪ್ಲಾಸ್ಟಿಕ್ ಡಬ್ಬಿ, ಎರಡು ಸ್ಕ್ರೂ, ಮೂರು ತಂತಿಯ ಒಂದು ಕಪ್ಲರ್. ಇದು ಕೆಟ್ಟಾಗ ಕಾರು ಪೂರ್ತಿ ನಿಂತುಬಿಡುವುದು ಅಪರೂಪ. ಜರ್ಕ್ ಹೊಡೆಯುತ್ತದೆ, ಪಿಕಪ್ ಸಾಯುತ್ತದೆ, ಸಿಗ್ನಲ್ಲಿನಲ್ಲಿ ನಿಂತಾಗ ತಾನಾಗಿ ರೇಸ್ ಆಗುತ್ತದೆ ಅಥವಾ ಆಫ್ ಆಗುತ್ತದೆ. ಗ್ಯಾರೇಜಿಗೆ ಒಯ್ದರೆ ಅಲ್ಲಿ ಸರಿಯಾಗೇ ಓಡುತ್ತದೆ. ಹೀಗೆ ಕಾಡುವ ದೋಷದ ಬೆನ್ನು ಹತ್ತಿ ಸ್ಪಾರ್ಕ್ ಪ್ಲಗ್, ಕಾಯಿಲ್, ಪೆಟ್ರೋಲ್ ಪಂಪ್ ಎಲ್ಲವನ್ನೂ ಬದಲಿಸಿ ದುಡ್ಡು ಕಳೆದುಕೊಂಡವರು ನಮ್ಮ ಸುತ್ತಲೇ ಇದ್ದಾರೆ. ಅದಕ್ಕೆ ತದ್ವಿರುದ್ಧವಾದ ನಷ್ಟವೂ ಅಷ್ಟೇ ಸಾಮಾನ್ಯ: ಸ್ಕ್ಯಾನರಿನಲ್ಲಿ ಟಿಪಿಎಸ್ ಹೆಸರು ಕಂಡದ್ದೇ ತಡ, ತಂತಿಯನ್ನೂ ಮುಟ್ಟಿ ನೋಡದೆ, ನಿರ್ದೋಷಿಯಾದ ಸೆನ್ಸರನ್ನು ಕಿತ್ತು ಎಸೆಯುವುದು. ಎರಡು ನಷ್ಟವನ್ನೂ ತಪ್ಪಿಸುವ ಉಪಕರಣ ಒಂದು ಸಾಧಾರಣ ಮಲ್ಟಿಮೀಟರ್. ಅದರ ಜತೆಗೆ ಬೇಕಾದದ್ದು ಶಾಲೆಯಲ್ಲಿ ಎಲ್ಲರೂ ಓದಿರುವ ಓಮನ ನಿಯಮ.

ಇಲ್ಲೊಂದು ಪ್ರಶ್ನೆ ಏಳಬೇಕು. ಒಳಗೆ ಬಂದ ಗಾಳಿಯನ್ನು ಅಳೆಯಲು ಎಂಜಿನ್ನಿನಲ್ಲಿ ಬೇರೆ ಸೆನ್ಸರೇ ಇದೆಯಲ್ಲ? ಕೆಲವು ಕಾರುಗಳಲ್ಲಿ ಅದು ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ನೋಡುತ್ತದೆ, ಕೆಲವು ಕಾರುಗಳಲ್ಲಿ ಗಾಳಿಯ ಹರಿವನ್ನೇ ತೂಗುತ್ತದೆ. ಹಾಗಿದ್ದ ಮೇಲೆ ಬಿಲ್ಲೆಯ ಕೋನ ಯಾಕೆ ಬೇಕು?

ಉತ್ತರ ಇರುವುದು ಬದಲಾವಣೆಯ ಕ್ಷಣದಲ್ಲಿ. ಲಾರಿಯನ್ನು ಹಿಂದೆ ಹಾಕಲು ನೀವು ಪೆಡಲನ್ನು ಒಮ್ಮೆಲೇ ಒತ್ತುತ್ತೀರಿ. ಗಾಳಿ ಹಗುರ, ಕೂಡಲೇ ನುಗ್ಗುತ್ತದೆ. ಪೆಟ್ರೋಲ್ ಹಾಗಲ್ಲ. ಇಂಜೆಕ್ಟರ್ ಸಿಂಪಡಿಸಿದ ಪೆಟ್ರೋಲಿನ ಒಂದು ಪಾಲು ಮ್ಯಾನಿಫೋಲ್ಡಿನ ಗೋಡೆಗೆ ಅಂಟಿ, ತೆಳು ಪೊರೆಯಾಗಿ, ಆಮೇಲೆ ನಿಧಾನವಾಗಿ ಆವಿಯಾಗಿ ಸಿಲಿಂಡರ್ ಸೇರುತ್ತದೆ. ಥ್ರಾಟಲ್ ತೆರೆದಾಗ ಒಳಗಿನ ಒತ್ತಡ ಏರುವುದರಿಂದ ಆವಿಯಾಗುವುದು ಇನ್ನಷ್ಟು ಕಷ್ಟ, ಗೋಡೆಗೆ ಅಂಟುವ ಪಾಲು ಇನ್ನಷ್ಟು ಹೆಚ್ಚು. ಹೀಗಾಗಿ ಎಂಜಿನ್ ಬಲ ಬೇಡುವ ಕ್ಷಣದಲ್ಲೇ ಮಿಶ್ರಣ ತೆಳುವಾಗುತ್ತದೆ. 3000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತು ಮುಗಿಸಲು ಒಂದು ಸೆಕೆಂಡಿನ ಐವತ್ತನೇ ಒಂದು ಪಾಲು ಸಾಕು. ಗಾಳಿಯ ಅಳತೆ ಬಂದು, ಲೆಕ್ಕವಾಗಿ, ಪೆಟ್ರೋಲ್ ಹೊರಡುವಷ್ಟರಲ್ಲಿ ತೆಳು ಮಿಶ್ರಣ ಉರಿದು ಕಾರು ಒಮ್ಮೆ ಮುಗ್ಗರಿಸಿ ಆಗಿರುತ್ತದೆ. ಆದ್ದರಿಂದ ಗಾಳಿ ಬರುವ ಮೊದಲೇ, ಬಾಗಿಲು ತೆರೆಯುತ್ತಿದೆ ಎಂಬ ಸುದ್ದಿ ಸಿಗಬೇಕು. ಬಾಗಿಲು ಎಷ್ಟು ತೆರೆದಿದೆ ಎನ್ನುವುದಕ್ಕಿಂತ ಎಷ್ಟು ವೇಗವಾಗಿ ತೆರೆಯುತ್ತಿದೆ ಎಂಬುದು ಇಲ್ಲಿ ಮುಖ್ಯ. ಆ ವೇಗ ನೋಡಿ ಇಸಿಯು ಒಂದಿಷ್ಟು ಹೆಚ್ಚುವರಿ ಪೆಟ್ರೋಲನ್ನು ಮುಂಗಡವಾಗಿ ಕೊಡುತ್ತದೆ. ಕಾರ್ಬುರೇಟರ್ ಕಾಲದಲ್ಲಿ ಇದೇ ಕೆಲಸಕ್ಕೆ ಪುಟ್ಟ ಪಂಪೊಂದಿತ್ತು.

ಸೆನ್ಸರಿನ ಸುದ್ದಿ ಇನ್ನೂ ಹಲವು ಕಡೆ ಬೇಕು. ಬಿಲ್ಲೆ ಪೂರ್ತಿ ಮುಚ್ಚಿದೆ, ಆದರೆ ಎಂಜಿನ್ ವೇಗವಾಗಿ ತಿರುಗುತ್ತಿದೆ ಎಂದರೆ ನೀವು ಇಳಿಜಾರಿನಲ್ಲಿ ಕಾಲು ತೆಗೆದಿದ್ದೀರಿ ಎಂದರ್ಥ. ಇಸಿಯು ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತದೆ. ಬಿಲ್ಲೆ ಪೂರ್ತಿ ತೆರೆದಿದೆ ಎಂದರೆ ಬಲ ಬೇಕಾಗಿದೆ. ಮಿಶ್ರಣ ದಪ್ಪವಾಗುತ್ತದೆ, ಎಷ್ಟೋ ಕಾರುಗಳಲ್ಲಿ ಕೆಲವು ಸೆಕೆಂಡ್ ಎಸಿಯ ಕಂಪ್ರೆಸರ್ ಕೂಡ ಬಿಟ್ಟುಕೊಳ್ಳುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲಿ ಗೇರ್ ಯಾವಾಗ ಬದಲಾಗಬೇಕು ಎಂಬ ತೀರ್ಮಾನವೂ ಇದನ್ನೇ ನೆಚ್ಚಿದೆ. ಉಳಿದ ಸೆನ್ಸರುಗಳು ಎಂಜಿನ್ ಹೇಗಿದೆ ಎಂದು ಹೇಳುತ್ತವೆ. ಚಾಲಕನಿಗೆ ಏನು ಬೇಕು ಎಂದು ಹೇಳುವುದು ಇದೊಂದೇ.

ಈ ಬೇಡಿಕೆ ಎಲೆಕ್ಟ್ರಾನಿಕ್ ಇಂಜೆಕ್ಷನ್ ಹುಟ್ಟಿದ ದಿನದಿಂದಲೂ ಇದೆ. ಜರ್ಮನಿಯ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಂದಾಗಲೇ ಥ್ರಾಟಲಿನ ಕಡ್ಡಿಯ ತುದಿಗೆ ಒಂದು ಸ್ವಿಚ್ ಇತ್ತು. ನಮ್ಮ ಕಡೆ ಸಾಮಾನ್ಯರ ಕಾರಿಗೆ ಈ ಏರ್ಪಾಡು ಬಂದದ್ದು ಹೊಗೆಯ ನಿಯಮಗಳಿಂದ. 1999ರಲ್ಲಿ ಸುಪ್ರೀಂ ಕೋರ್ಟ್ ದಿಲ್ಲಿ ಸುತ್ತಲಿನ ಪ್ರದೇಶಕ್ಕೆ ಯೂರೊ ಮಾನದಂಡಗಳನ್ನು ಅವಸರವಾಗಿ ಜಾರಿ ಮಾಡಿಸಿದ ಮೇಲೆ ಕಾರ್ಬುರೇಟರಿನ ದಿನ ಮುಗಿಯುತ್ತ ಬಂತು. ಮಾರುತಿ 800ರ ಬೆನ್ನ ಮೇಲೆ ಇಂಜೆಕ್ಷನ್ ಇದೆ ಎಂದು ಸಾರುವ ಎಂಪಿಎಫ್‌ಐ ಎಂಬ ಅಕ್ಷರಗಳು ಕಾಣಿಸಿಕೊಂಡವು. 2020ರ ಏಪ್ರಿಲ್‌ನಿಂದ ಬಿಎಸ್-6 ಎಂಬ ಹೊಗೆ ನಿಯಮ ಕಡ್ಡಾಯವಾದಾಗ ದ್ವಿಚಕ್ರ ವಾಹನಗಳೂ ಇಂಜೆಕ್ಷನ್ನಿಗೆ ಬಂದವು. ಈಗ ಹಳ್ಳಿಯ ರಸ್ತೆಯಲ್ಲಿ ಹಾಲಿನ ಕ್ಯಾನ್ ಹೊತ್ತು ಹೋಗುವ ಬೈಕಿನಲ್ಲೂ ಥ್ರಾಟಲ್ ಸೆನ್ಸರ್ ಇದೆ. ಹಾಗಾಗಿ ಈ ಅಧ್ಯಾಯದ ಮಾತು ಕಾರಿನವರಿಗೆ ಮಾತ್ರ ಮೀಸಲಲ್ಲ.

ಈಗ ಡಬ್ಬಿಯ ಒಳಗೆ ನೋಡೋಣ. ಹಳೆಯ ರೇಡಿಯೊದ ವಾಲ್ಯೂಮ್ ಗುಬುಟು ನಿಮಗೆ ನೆನಪಿರಬಹುದು. ಕೇಬಲ್ ಥ್ರಾಟಲಿನ ಬಹುಪಾಲು ಕಾರುಗಳಲ್ಲಿರುವ ಸೆನ್ಸರ್ ಜಾತಿಯಿಂದ ಅದೇ: ಪೊಟೆನ್ಶಿಯೊಮೀಟರ್. ಇದರ ಮೂಲ ಕಲ್ಪನೆಯನ್ನು ಜರ್ಮನಿಯ ಭೌತವಿಜ್ಞಾನಿ ಯೋಹಾನ್ ಕ್ರಿಶ್ಚಿಯನ್ ಪೊಗೆನ್‌ಡಾರ್ಫ್ 1841ರಲ್ಲಿ ಕೊಟ್ಟ. ಬಿಲ್ಲಿನಂತೆ ಬಾಗಿದ ಇಂಗಾಲದ ಒಂದು ಪಟ್ಟಿ. ಅದರ ಒಂದು ತುದಿಗೆ ಇಸಿಯು 5 ವೋಲ್ಟ್ ಕೊಡುತ್ತದೆ, ಇನ್ನೊಂದು ತುದಿ ಅರ್ಥ್‌ಗೆ ಸೇರಿದೆ. ಪಟ್ಟಿಯ ಉದ್ದಕ್ಕೂ ವೋಲ್ಟೇಜು ಐದರಿಂದ ಸೊನ್ನೆಗೆ ಸಮನಾಗಿ ಇಳಿಯುತ್ತ ಹೋಗುತ್ತದೆ. ಥ್ರಾಟಲಿನ ಕಡ್ಡಿ ತಿರುಗಿದಾಗ ಅದರ ಜತೆ ಸಣ್ಣ ಲೋಹದ ಬೆರಳೊಂದು ಈ ಪಟ್ಟಿಯ ಮೇಲೆ ಜಾರುತ್ತದೆ. ಬೆರಳು ಮುಟ್ಟಿದ ಜಾಗದಲ್ಲಿ ಎಷ್ಟು ವೋಲ್ಟ್ ಇದೆಯೋ ಅದೇ ಮೂರನೇ ತಂತಿಯಲ್ಲಿ ಇಸಿಯುವಿಗೆ ಹೋಗುತ್ತದೆ.

ಈ ಸರಳ ಏರ್ಪಾಡಿನಲ್ಲಿ ಎರಡು ಜಾಣತನ ಅಡಗಿದೆ. ಮೊದಲನೆಯದು: ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಬಳಸದೆ ಇಸಿಯು ತನ್ನ ಒಳಗೇ 5 ವೋಲ್ಟ್ ತಯಾರಿಸಿ ಕೊಡುವುದು. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಹತ್ತಕ್ಕೂ ಇಳಿಯುತ್ತದೆ, ಓಡುವಾಗ ಹದಿನಾಲ್ಕಕ್ಕೂ ಏರುತ್ತದೆ. ಅದನ್ನು ನಂಬಿ ಕೋನ ಅಳೆಯಲಾಗದು. ಬರುವ ಸಂಕೇತವನ್ನು ಇಸಿಯು ಅದೇ 5 ವೋಲ್ಟಿಗೆ ಹೋಲಿಸಿ ಓದುತ್ತದೆ, ಹಾಗಾಗಿ ಐದು ಕೊಂಚ ಆಚೀಚೆ ಆದರೂ ಅಳತೆ ಕೆಡುವುದಿಲ್ಲ. ಎರಡನೆಯ ಜಾಣತನ ನನಗೆ ತುಂಬ ಮೆಚ್ಚುಗೆಯಾದದ್ದು. ಮುಚ್ಚಿದ ಥ್ರಾಟಲಿಗೆ 0 ವೋಲ್ಟ್, ಪೂರ್ತಿ ತೆರೆದದ್ದಕ್ಕೆ 5 ವೋಲ್ಟ್ ಎಂದು ಇಡಬಹುದಿತ್ತು. ಹಾಗೆ ಇಟ್ಟಿಲ್ಲ. ಸಾಮಾನ್ಯವಾಗಿ ಮುಚ್ಚಿದಾಗ ಅರ್ಧ ವೋಲ್ಟಿನ ಸುತ್ತಮುತ್ತ, ಪೂರ್ತಿ ತೆರೆದಾಗ ನಾಲ್ಕೂವರೆಯ ಸುತ್ತಮುತ್ತ ಬರುವಂತೆ ಮಾಡಿದ್ದಾರೆ. ಕೆಳಗಿನ ಅರ್ಧ ವೋಲ್ಟ್, ಮೇಲಿನ ಅರ್ಧ ವೋಲ್ಟ್ ಎರಡೂ ಖಾಲಿ. ಯಾಕೆಂದರೆ ತಂತಿ ತುಂಡಾದರೂ ಸೊನ್ನೆ ಬರಬಹುದು. ಮುಚ್ಚಿದ ಥ್ರಾಟಲೂ ಸೊನ್ನೆ ಎಂದೇ ಹೇಳುವಂತಿದ್ದರೆ, ಮಾತು ನಿಂತದ್ದಕ್ಕೂ ಮಾತಾಡಿದ್ದಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಸರಿಯಾದ ಸೆನ್ಸರ್ ಎಂದೂ ಹೋಗದ ಜಾಗಕ್ಕೆ ಸಂಕೇತ ಹೋಯಿತೆಂದರೆ, ಸರ್ಕಿಟ್ಟಿನಲ್ಲಿ ಎಲ್ಲೋ ಏನೋ ಕೆಟ್ಟಿದೆ ಎಂದು ಇಸಿಯುವಿಗೆ ಆ ಕ್ಷಣವೇ ಗೊತ್ತಾಗುತ್ತದೆ.

ಇನ್ನು ಸವೆತದ ಕಥೆ. ರೇಡಿಯೊದ ಗುಬುಟು ಹಳತಾದಾಗ ತಿರುಗಿಸಿದರೆ ಕರಕರ ಸದ್ದು ಬರುತ್ತಿತ್ತು, ಅದೂ ನಾವು ಯಾವಾಗಲೂ ಇಡುತ್ತಿದ್ದ ಮಟ್ಟದಲ್ಲೇ. ಬೆರಳು ಉಜ್ಜಿ ಉಜ್ಜಿ ಇಂಗಾಲದ ಪದರ ಅಲ್ಲಿ ಸವೆದಿರುತ್ತಿತ್ತು. ಥ್ರಾಟಲಿನ ಬೆರಳೂ ತನ್ನ ಆಯುಷ್ಯವನ್ನು ಪಟ್ಟಿಯ ಉದ್ದಕ್ಕೂ ಸಮನಾಗಿ ಕಳೆಯುವುದಿಲ್ಲ. ಪೂರ್ತಿ ತುಳಿದು ಓಡಿಸುವ ಹೊತ್ತು ಬಹಳ ಕಡಿಮೆ. ಹೆಚ್ಚಿನ ಕಾಲ ಅದು ಐಡ್ಲಿಂಗ್ ಜಾಗದಲ್ಲಿ, ಇಲ್ಲವೇ ಅದಕ್ಕಿಂತ ತುಸು ಮೇಲೆ, ಊರಿನೊಳಗೆ ನಲವತ್ತು ಐವತ್ತರ ವೇಗದಲ್ಲಿ ಹೋಗುವಾಗಿನ ಕೋನದಲ್ಲಿ ಇರುತ್ತದೆ. ಅಲ್ಲೇ ನಿಂತು ಎಂಜಿನ್ನಿನ ನಡುಕಕ್ಕೆ ಸಿಕ್ಕಿ ಉಜ್ಜುತ್ತದೆ. ಪಟ್ಟಿ ಮೊದಲು ತೂತು ಬೀಳುವುದೂ ಅಲ್ಲೇ.

ಆಗ ಆಗುವುದನ್ನು ಇಸಿಯುವಿನ ಕಡೆಯಿಂದ ನೋಡಿ. ನೀವು ಪೆಡಲನ್ನು ಅಲುಗಿಸದೆ ಹಿಡಿದಿದ್ದೀರಿ. ಸಂಕೇತ ಒಂದು ವೋಲ್ಟಿನ ಹತ್ತಿರ ಸ್ಥಿರವಾಗಿರಬೇಕು. ಬೆರಳು ಸವೆದ ಜಾಗಕ್ಕೆ ಬಂದಾಗ ಸಂಪರ್ಕ ತಪ್ಪಿ ಸಂಕೇತ ಕಣ್ಣು ಮಿಟುಕಿಸುವಷ್ಟು ಹೊತ್ತು ಅರ್ಧ ವೋಲ್ಟಿನ ಹತ್ತಿರಕ್ಕೆ ಬಿದ್ದು ಮತ್ತೆ ಎದ್ದಿತು. ಬಿದ್ದಾಗ ಇಸಿಯುವಿಗೆ ಅನಿಸುತ್ತದೆ, ಕಾಲು ತೆಗೆದರು, ಪೆಟ್ರೋಲ್ ಕಡಿತ. ಎದ್ದಾಗ ಅನಿಸುತ್ತದೆ, ಗಟ್ಟಿಯಾಗಿ ತುಳಿದರು, ಹೆಚ್ಚುವರಿ ಪೆಟ್ರೋಲ್. ನಿಮ್ಮ ಕಾಲು ಇದ್ದಲ್ಲೇ ಇದೆ, ಆದರೆ ಕಾರು ಹಿಂದಕ್ಕೆ ಜಗ್ಗಿ ಮುಂದಕ್ಕೆ ನೂಕುತ್ತದೆ. ಇಸಿಯು ತನಗೆ ಬಂದ ಸುದ್ದಿಗೆ ತಕ್ಕಂತೆ ಕರಾರುವಾಕ್ಕಾಗಿ ನಡೆದುಕೊಂಡಿದೆ, ಸುದ್ದಿಯೇ ಸುಳ್ಳು.

ಇದರಿಂದ ಒಂದು ಬೆಲೆಬಾಳುವ ಸುಳಿವು ಸಿಗುತ್ತದೆ, ಅದಕ್ಕೆ ಯಾವ ಉಪಕರಣವೂ ಬೇಡ. ಟಿಪಿಎಸ್ ಸವೆತದ ಜರ್ಕ್ ಪೆಡಲಿನ ಒಂದು ನಿರ್ದಿಷ್ಟ ಸ್ಥಾನಕ್ಕೆ ಅಂಟಿಕೊಂಡಿರುತ್ತದೆ. ಚಿತ್ರದುರ್ಗದಿಂದ ದಾವಣಗೆರೆಯ ಕಡೆಗೆ ಹೆದ್ದಾರಿಯಲ್ಲಿ ಹಗುರ ಕಾಲಿನಲ್ಲಿ ಹೋಗುವಾಗ ಜರ್ಕ್ ಇದೆ, ಕಾಲು ಸ್ವಲ್ಪ ಒತ್ತಿದರೆ ಮಾಯ, ಬಿಟ್ಟರೆ ಮತ್ತೆ ಹಾಜರ್. ಅದೇ ಕಾರು ಶಿರಾಡಿ ಘಾಟಿಯನ್ನು ಪೂರ್ತಿ ಹೊರೆ ಹೊತ್ತು ಹತ್ತುವಾಗ ಸಲೀಸಾಗಿ ಹತ್ತುತ್ತದೆ. ಪೆಟ್ರೋಲ್ ಪಂಪ್ ಬಡವಾಗಿದ್ದರೆ, ಇಗ್ನಿಷನ್ ಕಾಯಿಲ್ ಸೋತಿದ್ದರೆ ಆಗುವುದು ಇದರ ಉಲ್ಟಾ: ಬಯಲಿನಲ್ಲಿ ಸುಮ್ಮನಿದ್ದು ಘಾಟಿಯಲ್ಲಿ ಮಿಸ್ಸಿಂಗ್ ಹೊಡೆಯುತ್ತದೆ, ಯಾಕೆಂದರೆ ಆ ದೋಷಗಳು ಹೊರೆಗೆ ಅಂಟಿಕೊಂಡವು. ಗ್ಯಾರೇಜಿಗೆ ಹೋದಾಗ ‘ಗಾಡಿ ಜರ್ಕ್ ಹೊಡೀತದೆ’ ಎಂದಷ್ಟೇ ಹೇಳುವ ಬದಲು ಯಾವ ಗೇರಿನಲ್ಲಿ, ಎಷ್ಟು ಕಾಲು ಒತ್ತಿದಾಗ, ಏರಿನಲ್ಲೋ ಸಮತಟ್ಟಿನಲ್ಲೋ ಎಂದು ಹೇಳಿದರೆ ಅರ್ಧ ಪತ್ತೆ ನೀವೇ ಮಾಡಿಕೊಟ್ಟಂತೆ. ನಮ್ಮ ಮೆಕ್ಯಾನಿಕ್‌ಗಳಲ್ಲಿ ಬಹಳ ಮಂದಿ ಇದನ್ನು ಕೇಳಿಸಿಕೊಳ್ಳಲು ಸಿದ್ಧರಿರುತ್ತಾರೆ; ಹೇಳುವವರು ಕಡಿಮೆ.

ಆಮೇಲೆ ಬರುವುದು ಸ್ಕ್ಯಾನರ್. ಎಂಜಿನ್ ತನ್ನ ದೋಷವನ್ನು ತಾನೇ ದಾಖಲಿಸಬೇಕೆಂಬ ಪದ್ಧತಿ ಕ್ಯಾಲಿಫೋರ್ನಿಯದ ವಾಯುಮಾಲಿನ್ಯ ಮಂಡಳಿಯ ಒತ್ತಾಯದಿಂದ ಬೆಳೆದದ್ದು. 1996ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಕಾರುಗಳಿಗೂ ಒಬಿಡಿ-2 ಎಂಬ ಸಮಾನ ಏರ್ಪಾಡು ಕಡ್ಡಾಯವಾಯಿತು. ಭಾರತದಲ್ಲಿ ಮೊದಲ ಹಂತ 2010ರಲ್ಲಿ, ಎರಡನೆಯದು 2013ರಲ್ಲಿ ಬಂತು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಕಾಣುತ್ತದೆ. ಥ್ರಾಟಲಿಗೆ ಸಂಬಂಧಿಸಿದವು ಪಿ0120ರಿಂದ ಪಿ0124ರವರೆಗೆ. 0122 ಎಂದರೆ ಸಂಕೇತ ಇರಬೇಕಾದ್ದಕ್ಕಿಂತ ಕೆಳಗಿದೆ. 0123 ಎಂದರೆ ಮೇಲಿದೆ. 0124 ಎಂದರೆ ಬಂದು ಹೋಗುತ್ತಿದೆ. 0121 ಎಂದರೆ ಸಂಕೇತ ಮಿತಿಯೊಳಗೇ ಇದ್ದರೂ ಬೇರೆ ಸೆನ್ಸರುಗಳ ಮಾತಿಗೆ ತಾಳೆಯಾಗುತ್ತಿಲ್ಲ.

‘ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕಿಬಿಡೋಣ’ ಎಂಬ ಮಾತು ಹುಟ್ಟುವುದು ಇಲ್ಲಿ, ತಪ್ಪು ಆಗುವುದೂ ಇಲ್ಲಿ. ಕೋಡಿನ ಪೂರ್ತಿ ಹೆಸರನ್ನು ಓದಿ ನೋಡಿ: ಅದು ಸೆನ್ಸರ್ ಕೆಟ್ಟಿದೆ ಎನ್ನುವುದಿಲ್ಲ, ಸೆನ್ಸರ್ ಸರ್ಕಿಟ್ಟಿನಲ್ಲಿ ದೋಷ ಎನ್ನುತ್ತದೆ. ಸರ್ಕಿಟ್ ಎಂದರೆ ಇಸಿಯುವಿನಿಂದ ಹೊರಟ 5 ವೋಲ್ಟಿನ ತಂತಿ, ಅರ್ಥ್ ತಂತಿ, ಸಂಕೇತದ ತಂತಿ, ನಡುವಿನ ಕಪ್ಲರುಗಳು, ಅವುಗಳ ಪಿನ್ನುಗಳು, ಇವುಗಳ ಜತೆಗೆ ಸೆನ್ಸರ್. ಕೋಡ್ ಹುಡುಕಬೇಕಾದ ಓಣಿಯನ್ನು ತೋರಿಸುತ್ತದೆ, ಮನೆಯನ್ನಲ್ಲ.

ಮೂರು ತಂತಿಗಳಲ್ಲಿ ಒಂದೊಂದು ತುಂಡಾದಾಗಲೂ ಏನಾಗುತ್ತದೆ ಎಂದು ಯೋಚಿಸಿದರೆ ಈ ವಿದ್ಯೆಯ ಸಾರವೇ ಸಿಕ್ಕಂತೆ. 5 ವೋಲ್ಟಿನ ತಂತಿ ತುಂಡಾಯಿತು ಎನ್ನಿ. ಪಟ್ಟಿಯಲ್ಲಿ ವಿದ್ಯುತ್ತೇ ಇಲ್ಲ, ಬೆರಳು ಎಲ್ಲಿ ಮುಟ್ಟಿದರೂ ಸೊನ್ನೆ. 0122 ಕೋಡ್ ಬೀಳುತ್ತದೆ. ಅರ್ಥ್ ತಂತಿ ತುಂಡಾಯಿತು ಎನ್ನಿ. ವಿದ್ಯುತ್ ಹರಿದು ಹೋಗಲು ದಾರಿ ಇಲ್ಲ, ಹರಿಯದಿದ್ದರೆ ವೋಲ್ಟೇಜು ಇಳಿಯುವುದೂ ಇಲ್ಲ. ಪಟ್ಟಿಯ ಪ್ರತಿ ಬಿಂದುವೂ ಐದರ ಹತ್ತಿರ ನಿಲ್ಲುತ್ತದೆ. ಥ್ರಾಟಲ್ ಮುಚ್ಚಿದ್ದರೂ ಪೂರ್ತಿ ತೆರೆದಿದೆ ಎಂಬ ಸುದ್ದಿ ಹೋಗಿ 0123 ಬೀಳುತ್ತದೆ. ಸಂಕೇತದ ತಂತಿ ತುಂಡಾದರೆ ಇಸಿಯುವಿನ ಒಳರಚನೆಗೆ ತಕ್ಕಂತೆ ಸೊನ್ನೆಗೋ ಐದಕ್ಕೋ ಹೋಗಿ ಕೂರುತ್ತದೆ. ಮೂರು ಸಂದರ್ಭದಲ್ಲೂ ಸೆನ್ಸರ್ ಹೊಚ್ಚಹೊಸದರಷ್ಟೇ ಚೆನ್ನಾಗಿದೆ. ಹೊಸದು ಹಾಕಿದರೆ ಕೋಡ್ ಮತ್ತೆ ಬರುತ್ತದೆ, ಆಗ ‘ಇಸಿಯು ಹೋಗಿದೆ’ ಎಂಬ ಇನ್ನೂ ದುಬಾರಿ ತೀರ್ಪು ಹೊರಬೀಳುತ್ತದೆ.

ತಂತಿ ಕೆಡಲು ನಮ್ಮ ನಾಡಿನಲ್ಲಿ ಕಾರಣಗಳಿಗೆ ಬರವಿಲ್ಲ. ಕರಾವಳಿಯ ಉಪ್ಪುಗಾಳಿಯಲ್ಲಿ ಕಪ್ಲರಿನ ತಾಮ್ರದ ಪಿನ್ನಿಗೆ ಹಸಿರು ಕಿಲುಬು ಹಿಡಿಯುತ್ತದೆ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಒಳಗೆ ಸೇರುವ ಇಲಿಗಳು ವೈರಿಂಗ್ ಕಡಿಯುತ್ತವೆ. ಮಲೆನಾಡು ಸುತ್ತಿ ಬಂದ ಕಾರಿನ ಎಂಜಿನ್ನಿಗೆ ಜೋರು ನೀರು ಹೊಡೆಸುವುದರಿಂದ ಕಪ್ಲರಿನ ರಬ್ಬರ್ ಸೀಲ್ ದಾಟಿ ನೀರು ಸೇರುತ್ತದೆ. ಅದೂ ಅಲ್ಲದೆ ಅನೇಕ ಕಾರುಗಳಲ್ಲಿ 5 ವೋಲ್ಟಿನ ಒಂದೇ ಮೂಲವನ್ನು ಹಲವು ಸೆನ್ಸರುಗಳು ಹಂಚಿಕೊಂಡಿರುತ್ತವೆ. ಎಸಿಯ ಅನಿಲದ ಒತ್ತಡ ನೋಡುವ ಸೆನ್ಸರ್ ಒಳಗೆ ಶಾರ್ಟ್ ಆದರೆ ಅದು ಐದು ವೋಲ್ಟನ್ನೇ ಕೆಳಕ್ಕೆಳೆಯುತ್ತದೆ, ಥ್ರಾಟಲ್ ಕೋಡೂ ಮ್ಯಾನಿಫೋಲ್ಡ್ ಒತ್ತಡದ ಕೋಡೂ ಒಟ್ಟಿಗೆ ಬೀಳುತ್ತವೆ. ಎರಡು ಮೂರು ಸೆನ್ಸರುಗಳ ಕೋಡ್ ಒಮ್ಮೆಲೇ ಬಂದರೆ ಎಲ್ಲವೂ ಒಂದೇ ದಿನ ಕೆಟ್ಟವು ಎಂದು ನಂಬುವ ಮೊದಲು, ಅವುಗಳಿಗೆ ಸಮಾನವಾದದ್ದು ಏನು ಎಂದು ನೋಡಬೇಕು. ಒಂದೊಂದಾಗಿ ಕಪ್ಲರ್ ಬಿಚ್ಚುತ್ತ ಹೋದರೆ, ಯಾವುದನ್ನು ಬಿಚ್ಚಿದಾಗ ಐದು ವೋಲ್ಟ್ ಮರಳುತ್ತದೋ ಅಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.

ಪರೀಕ್ಷೆಗೆ ಬರೋಣ. ಇಗ್ನಿಷನ್ ಆನ್ ಇರಲಿ, ಎಂಜಿನ್ ಆಫ್ ಇರಲಿ. ಕಪ್ಲರನ್ನು ಬಿಚ್ಚದೆ ಹಿಂಬದಿಯಿಂದ, ತಂತಿಯ ಪಕ್ಕದಲ್ಲಿ ತೆಳುವಾದ ಸೂಜಿ ತೂರಿಸಿ ಪಿನ್ನನ್ನು ಮುಟ್ಟಬೇಕು. ತಂತಿಯ ಹೊದಿಕೆಯನ್ನೇ ಚುಚ್ಚುವ ಅಭ್ಯಾಸ ಕೆಟ್ಟದ್ದು. ಆ ತೂತಿನಿಂದ ಮುಂದಿನ ಮಳೆಗಾಲದಲ್ಲಿ ಕಿಲುಬು ಶುರುವಾಗುತ್ತದೆ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಕೆಂಪು ಕಡ್ಡಿ ಒಂದೊಂದೇ ತಂತಿಯ ಮೇಲೆ. ಒಂದರಲ್ಲಿ ಐದು ವೋಲ್ಟ್ ಬರಬೇಕು, ಕೊಂಚ ಆಚೀಚೆ ಆದರೆ ತೊಂದರೆಯಿಲ್ಲ. ಅರ್ಥ್ ತಂತಿಯಲ್ಲಿ ಸೊನ್ನೆಯ ಹತ್ತಿರ ಬರಬೇಕು, 0.1 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ದಾರಿಯಲ್ಲಿ ಎಲ್ಲೋ ತಡೆ ಇದೆ. ಇದನ್ನು ಬಹಳ ಜನ ನೋಡುವುದೇ ಇಲ್ಲ, ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದೇ ಇದು. ಅರ್ಥ್ ಮೇಲೆ ನಿಂತ ವೋಲ್ಟೇಜು ಸಂಕೇತವನ್ನೂ ಮೇಲಕ್ಕೆತ್ತುತ್ತದೆ. ಆಗ ಥ್ರಾಟಲ್ ಪೂರ್ತಿ ಮುಚ್ಚಿದ್ದರೂ ತುಸು ತೆರೆದಿದೆ ಎಂದು ಭಾವಿಸುವ ಇಸಿಯು ಐಡ್ಲಿಂಗ್ ನಿಯಂತ್ರಣವನ್ನೇ ಕೈಬಿಡಬಹುದು.

ಮೂರನೆಯದು ಸಂಕೇತ. ಪೆಡಲನ್ನು ಬಹಳ ನಿಧಾನವಾಗಿ, ನಾಲ್ಕೈದು ಸೆಕೆಂಡ್ ತೆಗೆದುಕೊಂಡು ಒತ್ತುತ್ತ ಹೋಗಬೇಕು. ವೋಲ್ಟೇಜು ಅರ್ಧದಿಂದ ನಾಲ್ಕೂವರೆಯ ಕಡೆಗೆ ಎಲ್ಲೂ ತಡವರಿಸದೆ ಏರಬೇಕು, ಬಿಟ್ಟಾಗ ಹಾಗೆಯೇ ಇಳಿಯಬೇಕು. ಇಲ್ಲಿ ಡಿಜಿಟಲ್ ಮೀಟರಿನ ದೌರ್ಬಲ್ಯ ತಿಳಿದಿರಲಿ. ಅಗ್ಗದ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಿಸುತ್ತದೆ. ನಡುವೆ ಸಂಕೇತ ಬಿದ್ದೆದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಳೆಯ ಮುಳ್ಳಿನ ಮೀಟರ್ ಈ ಕೆಲಸಕ್ಕೆ ಇಂದಿಗೂ ಮೇಲು, ಮುಳ್ಳು ಒಮ್ಮೆ ನಡುಗಿದರೆ ಕಣ್ಣಿಗೆ ಕಾಣುತ್ತದೆ. ಆಸಿಲೋಸ್ಕೋಪ್ ಇದ್ದರೆ ಇನ್ನೂ ಒಳ್ಳೆಯದು: ಸರಿಯಾದ ಸೆನ್ಸರ್ ನುಣುಪಾದ ಏರು ಬರೆಯುತ್ತದೆ, ಸವೆದದ್ದು ಅದೇ ಏರಿನಲ್ಲಿ ಕೆಳಮುಖವಾದ ಚೂಪು ಗೀರುಗಳನ್ನು ಬಿಡುತ್ತದೆ. ಗೀರು ಪ್ರತಿ ಸಲವೂ ಒಂದೇ ವೋಲ್ಟೇಜಿನಲ್ಲಿ ಬಂದರೆ ಪಟ್ಟಿಯ ಸವೆತ ಖಚಿತ. ಎಲ್ಲೆಂದರಲ್ಲಿ ಬಂದರೆ ತಂತಿಯನ್ನು ಶಂಕಿಸಬೇಕು. ವೈರಿಂಗನ್ನು ಕೈಯಿಂದ ಅಲ್ಲಲ್ಲಿ ಬಾಗಿಸುತ್ತ ಮೀಟರ್ ನೋಡಿದರೆ ಸಡಿಲವಾದ ಜಾಗ ಗೊತ್ತಾಗುತ್ತದೆ. ತಣ್ಣಗಿದ್ದಾಗ ಸರಿಯಿದ್ದು ಬಿಸಿಯಾದ ಮೇಲೆ ಕೆಡುವ ಸೆನ್ಸರುಗಳೂ ಉಂಟು. ಕೂದಲು ಒಣಗಿಸುವ ಡ್ರೈಯರಿನಿಂದ ಸೆನ್ಸರನ್ನು ಬಿಸಿ ಮಾಡಿ ಮತ್ತೆ ಅಳೆದರೆ ಅವು ಸಿಕ್ಕಿಬೀಳುತ್ತವೆ.

0122 ಬಂದ ಕಾರಿನಲ್ಲಿ ಸೆನ್ಸರೋ ತಂತಿಯೋ ಎಂದು ಬೇಗ ತೀರ್ಮಾನಿಸಲು ಒಂದು ಉಪಾಯವಿದೆ. ವೈರಿಂಗ್ ನಕ್ಷೆ ನೋಡಿ ತಂತಿಗಳನ್ನು ಖಚಿತವಾಗಿ ಗುರುತಿಸಿಕೊಂಡ ಮೇಲೆ ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ 5 ವೋಲ್ಟಿನ ಪಿನ್ನನ್ನೂ ಸಂಕೇತದ ಪಿನ್ನನ್ನೂ ತುಂಡು ತಂತಿಯಿಂದ ಜೋಡಿಸಿ, ಸ್ಕ್ಯಾನರಿನ ಲೈವ್ ಡೇಟಾ ನೋಡಿ. ಅಂಕಿ ಐದು ವೋಲ್ಟಿಗೆ ಹಾರಿದರೆ ಆ ಎರಡು ತಂತಿಗಳೂ ಇಸಿಯುವೂ ಸರಿಯಾಗಿವೆ, ಸೆನ್ಸರನ್ನು ಶಂಕಿಸಬಹುದು. ಹಾರದಿದ್ದರೆ ಸೆನ್ಸರ್ ಬದಲಿಸಿ ಪ್ರಯೋಜನವಿಲ್ಲ. ಅರ್ಥ್ ಪಿನ್ನನ್ನು ಮಾತ್ರ ಈ ತುಂಡು ತಂತಿಯಿಂದ ಮುಟ್ಟಬಾರದು.

ಸೆನ್ಸರಿನ ವೇಷ ಹಾಕುವ ಬೇರೆ ದೋಷಗಳೂ ಇವೆ. ಎಂಜಿನ್ನಿನ ಕೆಳಭಾಗದ ಆಯಿಲ್ ಆವಿಯನ್ನು ಹೊರಗೆ ಬಿಡದೆ ಮತ್ತೆ ಇನ್‌ಟೇಕಿಗೆ ಕಳಿಸುವುದರಿಂದ ಬಿಲ್ಲೆಯ ಅಂಚಿನಲ್ಲಿ ಕಪ್ಪು ಮಸಿಯ ಬಳೆಯೊಂದು ಕಟ್ಟುತ್ತದೆ. ಆಗ ಐಡ್ಲಿಂಗ್ ಕುಸಿಯುತ್ತದೆ, ಬಿಲ್ಲೆ ಅಂಟಿ ಪೆಡಲಿನ ಮೊದಲ ಒತ್ತು ಗಡುಸಾಗುತ್ತದೆ. ಥ್ರಾಟಲ್ ಬಾಡಿ ಬಿಚ್ಚಿ ಕ್ಲೀನರ್ ಹಾಕಿ ಒರೆಸಿದರೆ ಸಾಕು. ಎಲ್ಲೋ ಬಿರುಕು ಬಿಟ್ಟ ವ್ಯಾಕ್ಯೂಮ್ ಪೈಪ್ ಬಿಲ್ಲೆಯನ್ನು ಬಳಸಿ ಬರುವ ಕಳ್ಳಗಾಳಿಗೆ ದಾರಿ ಕೊಟ್ಟರೆ ಸೆನ್ಸರ್ ಒಂದು ಹೇಳುತ್ತದೆ, ಮ್ಯಾನಿಫೋಲ್ಡಿನ ಒತ್ತಡ ಇನ್ನೊಂದು ಹೇಳುತ್ತದೆ; 0121 ಬೀಳಬಹುದು. ಎಕ್ಸಲರೇಟರ್ ಕೇಬಲ್ ಅತಿ ಬಿಗಿಯಾಗಿದ್ದರೂ ಬಿಲ್ಲೆ ಪೂರ್ತಿ ಮುಚ್ಚುವುದಿಲ್ಲ. ಇವೆಲ್ಲದರ ಮೇಲೆ, ಐಡ್ಲಿಂಗ್ ಸರಿ ಮಾಡುತ್ತೇನೆಂದು ಬಿಲ್ಲೆಯ ಸ್ಟಾಪ್ ಸ್ಕ್ರೂವನ್ನು ತಿರುಗಿಸಿಬಿಡುವವರಿದ್ದಾರೆ. ಕಾರ್ಖಾನೆಯಲ್ಲಿ ಒಮ್ಮೆ ಕೂರಿಸಿದ ಆ ಸ್ಕ್ರೂವನ್ನು ಮುಟ್ಟಬಾರದು. ಸೆನ್ಸರನ್ನು ಕೂರಿಸುವ ತೂತುಗಳು ಉದ್ದುದ್ದ ಇರುವ ಮಾದರಿಗಳಲ್ಲಿ, ಹೊಸದು ಹಾಕಿದಾಗ ಅದನ್ನು ತುಸು ತಿರುಗಿಸಿ ಮುಚ್ಚಿದ ಸ್ಥಾನದ ವೋಲ್ಟೇಜನ್ನು ಕಂಪನಿ ಹೇಳಿದ ಅಂಕಿಗೆ ತರಬೇಕು. ಬೇರೆ ಮಾದರಿಗಳಲ್ಲಿ ಮುಚ್ಚಿದ ಸ್ಥಾನವನ್ನು ಇಸಿಯುವಿಗೆ ಹೊಸದಾಗಿ ಕಲಿಸಬೇಕು. ಇದನ್ನು ಮಾಡದೆ ಕಳಿಸಿದ ಕಾರು ಮರುದಿನ ಅದೇ ದೂರು ಹೊತ್ತು ಮರಳುತ್ತದೆ.

ಇತ್ತೀಚಿನ ಕಾರುಗಳಲ್ಲಿ ಕೇಬಲೇ ಇಲ್ಲ. 1980ರ ದಶಕದ ಕೊನೆಯಲ್ಲಿ ಬಿಎಂಡಬ್ಲ್ಯುವಿನ 12 ಸಿಲಿಂಡರ್ ಕಾರಿನಲ್ಲಿ ಕಾಣಿಸಿಕೊಂಡ ಈ ಪದ್ಧತಿ ಈಗ ಸಣ್ಣ ಕಾರುಗಳಿಗೂ ಇಳಿದಿದೆ. ಪೆಡಲಿನ ಬುಡದಲ್ಲಿ ಸೆನ್ಸರ್, ಬಿಲ್ಲೆಯನ್ನು ತಿರುಗಿಸಲು ಮೋಟಾರ್, ಬಿಲ್ಲೆಯ ಕೋನ ನೋಡಲು ಮತ್ತೆ ಸೆನ್ಸರ್. ಕೇಬಲ್ ಕಾರಿನಲ್ಲಿ ಸೆನ್ಸರ್ ಸುಳ್ಳು ಹೇಳಿದರೆ ಕಾರು ಜಗ್ಗುತ್ತಿತ್ತು. ಇಲ್ಲಿ ಸುಳ್ಳು ಹೇಳಿದರೆ ಬಿಲ್ಲೆಯೇ ತೆರೆದುಕೊಳ್ಳಬಹುದು. ಅದಕ್ಕೇ ಎರಡೂ ಕಡೆ ಸೆನ್ಸರುಗಳು ಜೋಡಿಯಾಗಿವೆ. ಕೆಲವು ಥ್ರಾಟಲುಗಳಲ್ಲಿ ಒಂದರ ವೋಲ್ಟೇಜು ಏರುವಾಗ ಇನ್ನೊಂದರದು ಇಳಿಯುತ್ತದೆ, ಎರಡನ್ನೂ ಕೂಡಿದರೆ ಯಾವಾಗಲೂ ಐದು. ಎರಡು ತಂತಿ ಒಂದಕ್ಕೊಂದು ತಾಗಿದರೆ ಎರಡೂ ಒಂದೇ ಅಂಕಿ ಹೇಳುತ್ತವೆ, ಒಂದು ಏರಿದಾಗ ಇನ್ನೊಂದು ಇಳಿಯುವ ಕ್ರಮ ತಪ್ಪಿ ಮೋಸ ಬಯಲಾಗುತ್ತದೆ. ಪಿ2135 ಎಂಬ ಕೋಡ್ ಈ ತಾಳೆ ತಪ್ಪಿದ್ದರ ದಾಖಲೆ. ಆಗ ಇಸಿಯು ಮೋಟಾರಿನ ಕರೆಂಟ್ ಕಡಿದು, ಸ್ಪ್ರಿಂಗಿನ ಬಲದಲ್ಲಿ ಬಿಲ್ಲೆ ಸ್ವಲ್ಪವೇ ತೆರೆದು ನಿಲ್ಲುವಂತೆ ಬಿಟ್ಟು, ಕಾರನ್ನು ತೆವಳುವ ವೇಗಕ್ಕೆ ಇಳಿಸುತ್ತದೆ. ಹೆದ್ದಾರಿಯಲ್ಲಿ ಪಿಕಪ್ ಸತ್ತದ್ದಕ್ಕೆ ಕೋಪ ಬರುವುದು ಸಹಜ, ಆದರೆ ನಿಮ್ಮ ಜೀವ ಕಾಯಲೆಂದೇ ಅದು ಹಾಗೆ ಮಾಡಿದೆ.

ಈ ಜೋಡಿ ಸೆನ್ಸರುಗಳ ಮೇಲೆ ದೊಡ್ಡ ತನಿಖೆಯೊಂದು ನಡೆದದ್ದು ಟೊಯೊಟಾ ಕಾರುಗಳ ವಿಷಯದಲ್ಲಿ. ಕಾರು ತಾನಾಗಿ ವೇಗ ಪಡೆಯುತ್ತದೆ ಎಂಬ ದೂರುಗಳು 2009–10ರಲ್ಲಿ ಅಮೆರಿಕದಲ್ಲಿ ದೊಡ್ಡ ವಿವಾದವಾದಾಗ ಅಲ್ಲಿನ ಸಂಚಾರ ಸುರಕ್ಷತಾ ಇಲಾಖೆ ನಾಸಾದ ಎಂಜಿನಿಯರುಗಳ ನೆರವು ಪಡೆಯಿತು. 2011ರ ಫೆಬ್ರುವರಿಯಲ್ಲಿ ವರದಿ ಹೊರಬಂತು. ಥ್ರಾಟಲ್ ಅಪಾಯಕರವಾಗಿ ತೆರೆದುಕೊಳ್ಳುವಂಥ ಎಲೆಕ್ಟ್ರಾನಿಕ್ ದೋಷ ತನಿಖೆಯಲ್ಲಿ ಸಿಗಲಿಲ್ಲ. ಅಂಟಿಕೊಳ್ಳುವ ಪೆಡಲ್, ಪೆಡಲಿಗೆ ಸಿಕ್ಕಿಬೀಳುವ ನೆಲದ ಮ್ಯಾಟ್ ಇವೇ ಗುರುತಿಸಲಾದ ಕಾರಣಗಳಾದವು. ಆದರೆ ದೂರು ಬಂದಿದ್ದ ಕಾರೊಂದರ ಪೆಡಲ್ ಸೆನ್ಸರನ್ನು ಬಿಚ್ಚಿದಾಗ ನಾಸಾದವರಿಗೆ ಒಂದು ವಿಚಿತ್ರ ವಸ್ತು ಸಿಕ್ಕಿತು. ತವರದ ಲೇಪದಿಂದ ತಾನಾಗಿ ಬೆಳೆದ, ಕೂದಲಿಗಿಂತ ತೆಳುವಾದ ಲೋಹದ ಎಳೆ. ಅದು ಎರಡು ಸಂಕೇತಗಳ ನಡುವೆ ಸೇತುವೆ ಕಟ್ಟಿತ್ತು. ಪೊಟೆನ್ಶಿಯೊಮೀಟರ್ ಸೆನ್ಸರ್ ಸವೆತದಿಂದ ಮಾತ್ರ ಕೆಡುತ್ತದೆ ಎಂದುಕೊಂಡವರಿಗೆ ಇದು ಹೊಸ ಪಾಠ.

ಸವೆತಕ್ಕೆ ಪರಿಹಾರ ಉಜ್ಜುವಿಕೆಯನ್ನೇ ತೆಗೆದುಹಾಕುವುದು. ವಿದ್ಯುತ್ ಹರಿಯುವ ಲೋಹದ ಹಾಳೆಗೆ ಅಡ್ಡಲಾಗಿ ಅಯಸ್ಕಾಂತ ಹಿಡಿದರೆ ಹಾಳೆಯ ಎರಡು ಬದಿಗಳ ನಡುವೆ ಸಣ್ಣ ವೋಲ್ಟೇಜು ಹುಟ್ಟುತ್ತದೆ ಎಂದು ಎಡ್ವಿನ್ ಹಾಲ್ ಎಂಬ ವಿದ್ಯಾರ್ಥಿ 1879ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕಂಡುಕೊಂಡ. ಹೊಸ ಥ್ರಾಟಲುಗಳಲ್ಲಿ ಕಡ್ಡಿಯ ತುದಿಗೆ ಅಯಸ್ಕಾಂತ, ಎದುರಿಗೆ ಹಾಲ್ ಚಿಪ್. ಒಂದನ್ನೊಂದು ಮುಟ್ಟುವುದಿಲ್ಲ, ಸವೆಯುವುದಿಲ್ಲ. ಆದರೆ ಮೂರು ಬಗೆಯ ತಂತಿ ಇದಕ್ಕೂ ಬೇಕು, ಕಿಲುಬು ಇದನ್ನೂ ಬಿಡದು. ಅಳೆಯುವ ಕ್ರಮವೂ ಹೆಚ್ಚುಕಡಿಮೆ ಅದೇ. ಎಚ್ಚರಿಕೆ ಒಂದು: ಮೋಟಾರ್ ಇರುವ ಥ್ರಾಟಲಿನ ಬಿಲ್ಲೆಯನ್ನು ಇಗ್ನಿಷನ್ ಆನ್ ಇರುವಾಗ ಬೆರಳಿನಿಂದ ತಳ್ಳಬೇಡಿ. ಅದು ಒಮ್ಮೆಲೇ ಮುಚ್ಚಿಕೊಂಡರೆ ಬೆರಳಿಗೆ ಗಾಯವಾಗುತ್ತದೆ.

ನಿಮ್ಮ ಕಾರಿಗೋ ಬೈಕಿಗೋ ಟಿಪಿಎಸ್ ಬದಲಿಸಬೇಕು ಎಂದು ಗ್ಯಾರೇಜಿನಲ್ಲಿ ಹೇಳಿದರೆ ಸಿಟ್ಟಾಗಬೇಡಿ, ಸುಮ್ಮನೆ ಒಪ್ಪಲೂ ಬೇಡಿ. 5 ವೋಲ್ಟಿನ ತಂತಿಯಲ್ಲಿ ಎಷ್ಟು ಬಂತು, ಅರ್ಥ್‌ನಲ್ಲಿ ಎಷ್ಟು ಬಂತು, ಪೆಡಲ್ ಬಿಟ್ಟಾಗಲೂ ಪೂರ್ತಿ ಒತ್ತಿದಾಗಲೂ ಸಂಕೇತ ಎಷ್ಟಿತ್ತು ಎಂದು ಕೇಳಿ, ಆ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಅಳೆಯಲು ಹತ್ತು ನಿಮಿಷವೂ ಬೇಡ.